ಒಸಡಿನ ಸಂದಿಗೆ ಮದ್ದಿನ ಜೆಲ್: ಹಾಕುವುದು ಹೇಗೆ?

ಬ್ರಷ್ ಮಾಡಿದರೆ ರಕ್ತ, ಬಾಯಿ ತೆರೆದರೆ ವಾಸನೆ. ದಂತವೈದ್ಯರು ನೋಡಿ, ‘ಪಾಕೆಟ್ ಆಗಿದೆ, ಕ್ಲೀನ್ ಮಾಡಿ ಜೆಲ್ ಹಾಕೋಣ’ ಅನ್ನುತ್ತಾರೆ. ಪಾಕೆಟ್ ಅಂದರೆ ಹಲ್ಲು, ಒಸಡಿನ ನಡುವೆ ಆಳವಾದ ಸಂದಿ. ಆಮೇಲೆ ಏನೇನು ನಡೆಯುತ್ತದೆ?

ಮೊದಲು ಅಳತೆ. ಮಿಲಿಮೀಟರ್ ಗೆರೆಗಳಿರುವ ಸಣ್ಣ ಪ್ರೋಬನ್ನು ಹಲ್ಲು, ಒಸಡಿನ ನಡುವೆ ಇಳಿಸಿ ನೋಡುತ್ತಾರೆ. 3 ಮಿ.ಮೀ.ವರೆಗೆ ಚಿಂತೆಯಿಲ್ಲ. 5 ಮಿ.ಮೀ. ಆಳಕ್ಕೆ ನಿಮ್ಮ ಬ್ರಷ್ ಹೋಗುವುದಿಲ್ಲ, ಬಾಯಿ ಮುಕ್ಕಳಿಸುವ ಔಷಧಿಯೂ ಇಳಿಯುವುದಿಲ್ಲ.

ಮುಂದಿನದು ಕ್ಲೀನಿಂಗ್. ‘ಅದೆಲ್ಲ ಬೇಡ, ಸುಮ್ನೆ ಜೆಲ್ ಹಾಕಿಬಿಡಿ’ ಅನ್ನುವವರಿದ್ದಾರೆ. ದುಡ್ಡು ದಂಡ. ಬ್ಯಾಕ್ಟೀರಿಯಾ ಬೇರಿಗೆ ಅಂಟಿದ ಲೋಳೆಯೊಳಗೆ ಅಡಗಿರುತ್ತವೆ. ಅದನ್ನು ಕೆರೆದು ತೆಗೆಯದಿದ್ದರೆ ಮದ್ದು ಒಳಕ್ಕೆ ಸರಿಯಾಗಿ ಇಳಿಯದು.

ಈಗ ಜೆಲ್. ಅದರಲ್ಲಿ ಬ್ಯಾಕ್ಟೀರಿಯಾ ತಡೆಯುವ ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಅಥವಾ ಕ್ಲೋರ್‌ಹೆಕ್ಸಿಡಿನ್ ಮದ್ದು ಇರಬಹುದು. ಹತ್ತಿ ಇಟ್ಟು ಎಂಜಲು ತಡೆಯುತ್ತಾರೆ. ಸಿರಿಂಜಿನ ತುದಿ ಮೊಂಡು, ಚುಚ್ಚುವುದಿಲ್ಲ. ಅದನ್ನು ಪಾಕೆಟ್‌ನ ತಳದವರೆಗೆ ಇಳಿಸಿ, ಜೆಲ್ ಬಿಡುತ್ತಾ ನಿಧಾನಕ್ಕೆ ಮೇಲೆತ್ತುತ್ತಾರೆ. ಒಸಡಿನ ಅಂಚಿನಲ್ಲಿ ಜೆಲ್ ಇಣುಕಿದರೆ ತುಂಬಿತು ಎಂದರ್ಥ.

ಮಾತ್ರೆ ನುಂಗಿದರೆ ಆಗದೇ? ಕೆಲವರಿಗೆ ಅದೂ ಬೇಕಾಗುತ್ತದೆ. ಆದರೆ ಮಾತ್ರೆಯ ಮದ್ದು ಮೈಯೆಲ್ಲ ಸುತ್ತುತ್ತದೆ; ಜೆಲ್ ಆದರೆ ಸ್ವಲ್ಪವೇ ಸಾಕು, ಬೇಕಾದ ಜಾಗದಲ್ಲೇ ಜಾಸ್ತಿ ಸಿಗುತ್ತದೆ. ಕಷ್ಟವಿರುವುದು ಅದನ್ನು ಅಲ್ಲೇ ನಿಲ್ಲಿಸುವುದರಲ್ಲಿ. ಒಸಡಿನಿಂದ ಸದಾ ದ್ರವ ಒಸರುತ್ತಿರುತ್ತದೆ; 5 ಮಿ.ಮೀ. ಪಾಕೆಟ್‌ನಲ್ಲಿ ಅದು ಗಂಟೆಗೆ ಸುಮಾರು 40 ಸಲ ಬದಲಾಗುತ್ತದೆ ಎಂಬ ಲೆಕ್ಕವಿದೆ. ನೀರಿನಂಥ ಮದ್ದು ಉಳಿದೀತೇ? ಅದಕ್ಕೇ ಪೊಲೊಕ್ಸಾಮರ್ ಎಂಬ ವಸ್ತು ಬಳಸಿದ ಜೆಲ್‌ಗಳು ತಣ್ಣಗಿದ್ದಾಗ ತೆಳುವಾಗಿದ್ದು, ಮೈ ಬಿಸಿ ತಾಗಿದ ಮೇಲೆ ಗಟ್ಟಿಯಾಗುತ್ತವೆ. ಡಾಕ್ಸಿಸೈಕ್ಲಿನ್‌ನ ಒಂದು ಬಗೆ ಒದ್ದೆ ತಾಗಿದರೆ ಗಟ್ಟಿಯಾಗಿ, ಸುಮಾರು ಒಂದು ವಾರ ಮದ್ದು ಬಿಡುತ್ತದೆ.

ಮನೆಗೆ ಬಂದ ಮೇಲಿನ ಕೆಲಸ ನಿಮ್ಮದು. ಆ ಜಾಗವನ್ನು ನಾಲಿಗೆಯಿಂದ ತಡಕಬೇಡಿ. ಚಕ್ಕುಲಿ, ಚಿಕ್ಕಿಯಂಥ ಗಟ್ಟಿ, ಅಂಟು ತಿಂಡಿ ಬೇಡ. ಆ ಹಲ್ಲಿಗೆ ಬ್ರಷ್, ಫ್ಲಾಸ್ ಎಷ್ಟು ದಿನ ಬೇಡ ಎಂದು ಕೇಳಿಕೊಳ್ಳಿ, ಒಂದೊಂದು ಜೆಲ್‌ಗೆ ಒಂದೊಂದು ಲೆಕ್ಕ. ಬಸುರಿಯಾಗಿದ್ದರೆ, ಮದ್ದಿನ ಅಲರ್ಜಿಯಿದ್ದರೆ, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಜೆಲ್ ಹಾಕುವ ಮೊದಲೇ ಹೇಳಿಬಿಡಿ.

ಬರೀ ಕ್ಲೀನಿಂಗ್‌ಗೆ ಹೋಲಿಸಿದರೆ ಜೆಲ್‌ನಿಂದ ಪಾಕೆಟ್‌ನ ಆಳ ಇನ್ನಷ್ಟು ಕಡಿಮೆಯಾಗುವುದು ಸರಾಸರಿ 1 ಮಿ.ಮೀ.ಗೂ ಒಳಗೆ. ಹಾಗಾಗಿ ಬಾಯಿ ತುಂಬ ಪಾಕೆಟ್ ಇದ್ದವರಿಗಿಂತ, ಕ್ಲೀನಿಂಗ್ ಆದ ಮೇಲೂ ಅಲ್ಲೊಂದು ಇಲ್ಲೊಂದು ಉಳಿದವರಿಗೇ ಇದು ಸರಿ. ಕೆಲವು ವಾರ ಬಿಟ್ಟು ಮತ್ತೆ ಪ್ರೋಬ್ ಇಳಿಸಿ ಅಳೆಯುತ್ತಾರೆ. ಆಳ ಹಾಗೇ ಇದ್ದರೆ ಒಸಡು ಬಿಡಿಸಿ ಮಾಡುವ ಸಣ್ಣ ಆಪರೇಷನ್ ಬೇಕಾದೀತು.