ಹಾಸಿಗೆಯ ಸುತ್ತ ನಿಂತವರು

ಮೊದಲ ಕರಡಿನಲ್ಲಿ ನಾಲ್ಕು ಜನರಿದ್ದರು. ಸಹನೆಯೇ ಮೈವೆತ್ತಂಥ ಸೊಸೆ, ಸಾವಿನ ಅಂಚಿನಲ್ಲಿ ಜ್ಞಾನಿಯಾದ ಮಾವ, ದೂರದೇಶದಿಂದ ತಡವಾಗಿ ಬಂದು ಕಾಲು ಹಿಡಿದು ಅಳುವ ಮಗ, ಮುಖ ನೋಡದೆ ಮಾತಾಡುವ ಡಾಕ್ಟರ್. ಕಥೆ ಸಲೀಸಾಗಿ ಸಾಗಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಓದಿದ ಗೆಳತಿ, "ಇವರೆಲ್ಲ ನನಗೆ ಹಳೆಯ ಪರಿಚಯದವರು" ಎಂದಳು. ಕರಡು ಮೇಜಿನ ಖಾನೆ ಸೇರಿತು.

ಎರಡು ವರ್ಷದ ಬಳಿಕ ನಾನೇ ಆ ಸೊಸೆಯಾದೆ. ಅತ್ತೆಯ ಕೊನೆಯ ಏಳು ವಾರ ಪಕ್ಕದಲ್ಲಿದ್ದವಳು ನಾನು. ಕೆಲಸದ ಮೇಲೆ ಪರದೇಶದಲ್ಲಿದ್ದ ಗಂಡ ಬಂದದ್ದು ಆರನೆಯ ವಾರ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನೋವಿಗೆ ಮಾರ್ಫಿನ್, ಮಾರ್ಫಿನ್ ತರುವ ಮಲಬದ್ಧತೆಗೆ ಇನ್ನೊಂದು ಔಷಧ. ನುಂಗಲಾಗದಾಗ ಒದ್ದೆ ಹತ್ತಿಯಿಂದ ತುಟಿ ಒರೆಸಬೇಕು. ಒಂದು ರಾತ್ರಿ ಮೂರು ಗಂಟೆಗೆ, "ಇನ್ನೊಂದು ಸಲ ಕರೆದರೆ ನಾನು ಬರುವುದಿಲ್ಲ" ಎಂದು ಅತ್ತೆಯನ್ನು ಗದರಿಬಿಟ್ಟೆ.

ಮಾರನೆಯ ದಿನ ನೆಂಟರು ಬಂದರು. "ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು" ಎಂದರು. ನಾನು ತಲೆ ತಗ್ಗಿಸಿ, ಹದವಾಗಿ ನಕ್ಕು, ಹೊದಿಕೆ ಸರಿಪಡಿಸಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ನೆಂಟರು ಹೊರಟ ಮೇಲೆ, "ಚೆನ್ನಾಗಿ ಮಾಡಿದೆ" ಎಂದರು. ಯಾವುದನ್ನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಥೆಯ ಗಂಟು ಬಿಚ್ಚಿಕೊಂಡದ್ದು ಅಲ್ಲಿ. ನನ್ನ ಹಳಸಲು ಪಾತ್ರಗಳು ಆ ಕೋಣೆಯಲ್ಲಿ ನಿಜವಾಗಿಯೂ ಇದ್ದವು. ನೋಡುವವರು ಬಂದಾಗ ನಾವೇ ಅವುಗಳನ್ನು ವೇಷದಂತೆ ತೊಡುತ್ತಿದ್ದೆವು. ನಾನು ವೇಷವನ್ನಷ್ಟೇ ಬರೆದಿದ್ದೆ, ವೇಷ ಕಟ್ಟುವ, ಕಳಚುವ ಚೌಕಿಯನ್ನು ಬಿಟ್ಟಿದ್ದೆ. ಎರಡನೆಯ ಕರಡಿನಲ್ಲಿ ಪ್ರತಿ ದೃಶ್ಯದ ಅಂಚಿಗೆ ಎರಡು ಪ್ರಶ್ನೆ ಬರೆದುಕೊಂಡೆ: ಈಗ ಯಾರು ನೋಡುತ್ತಿದ್ದಾರೆ? ಇವರ ಕೈ ಏನು ಮಾಡುತ್ತಿದೆ?

ಹೆಚ್ಚು ಕಷ್ಟ ಕೊಟ್ಟವನು ಮಗ. ವೈದ್ಯರಲ್ಲಿ ಇವನಿಗೊಂದು ಹೆಸರೇ ಇದೆ. 1991ರಲ್ಲಿ ಅಮೆರಿಕದ ವೃದ್ಧಾಪ್ಯ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದ ಲೇಖನ ಅದನ್ನು 'ಕ್ಯಾಲಿಫೋರ್ನಿಯಾದಿಂದ ಬಂದ ಮಗಳು' ಎಂದು ಕರೆಯಿತು: ಕೊನೆಯ ಗಳಿಗೆಯಲ್ಲಿ ಬಂದು, ಎಲ್ಲ ಚಿಕಿತ್ಸೆಯೂ ಆಗಲೇಬೇಕೆಂದು ಹಟ ಹಿಡಿಯುವ ದೂರದ ಸಂತಾನ. (ಕ್ಯಾಲಿಫೋರ್ನಿಯಾದವರು ಅವಳನ್ನು ನ್ಯೂಯಾರ್ಕಿಗೆ ದಾಟಿಸುತ್ತಾರಂತೆ!) ನನ್ನ ಕಥೆಯ ಮಗನೂ ಡಾಕ್ಟರ ಮೇಲೆ ಕೂಗಾಡುತ್ತಾನೆ. ಕೂಗಾಟ ಮುಗಿದ ಮೇಲೆ ಸೊಸೆ ಅವನನ್ನು ಮಗ್ಗುಲು ಬದಲಿಸಲು ಕರೆಯುತ್ತಾಳೆ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯದು. ವಾಚಿನ ಪಟ್ಟಿ ಅಪ್ಪನ ತೆಳುವಾದ ಚರ್ಮವನ್ನು ಗೀರುತ್ತದೆ. ಅವನು ವಾಚ್ ಬಿಚ್ಚಿ ಕಿಟಕಿಯಲ್ಲಿಡುತ್ತಾನೆ. ಕಥೆ ಮುಗಿಯುವವರೆಗೂ ಅದು ಅಲ್ಲೇ ಇರುತ್ತದೆ. ಕಾಲು ಹಿಡಿದು ಅಳುವ ದೃಶ್ಯವನ್ನು ಕಿತ್ತುಹಾಕಿದೆ.

ಮಾವನನ್ನು ನಾನು ಮೆಟ್ಟಿಲು ಹತ್ತಿಸಿದ್ದೆ. ಸಾಯುತ್ತಿರುವವರ ಮನಸ್ಸಿನ ಬಗ್ಗೆ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಹಂತಗಳಿವೆಯಲ್ಲ, ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ, ಅಧ್ಯಾಯಕ್ಕೊಂದರಂತೆ. ಅವು ಸಾಲಾಗಿ ಬರಬೇಕಿಲ್ಲವೆಂದು ಆಕೆಯೇ ನಂತರ ಹೇಳಿದ್ದರು. ನನ್ನ ಅತ್ತೆ ಬೆಳಿಗ್ಗೆ ಎಲ್ಲವನ್ನೂ ಒಪ್ಪಿಕೊಂಡು, ಮಧ್ಯಾಹ್ನ ಮುಂದಿನ ವರ್ಷಕ್ಕೆ ಕನ್ನಡಕ ಬದಲಿಸುವ ಮಾತಾಡುತ್ತಿದ್ದರು. ಕೊನೆಯ ದಿನಗಳಲ್ಲಿ ನಿದ್ದೆಯೇ ಹೆಚ್ಚು. ಉಸಿರು ನಿಂತು, ಎಣಿಸುವಷ್ಟು ಹೊತ್ತು ಬಿಟ್ಟು, ಮತ್ತೆ ಶುರುವಾಗುತ್ತಿತ್ತು. ಅಂಥವರ ಬಾಯಲ್ಲಿ ಒಂದೂವರೆ ಪುಟದ ಉಪದೇಶ ಹೇಗೆ ಬರಬೇಕು? ಈಗ ಮಾವನ ಕೊನೆಯ ಮಾತು ಫ್ಯಾನಿನ ಸದ್ದಿನ ಬಗ್ಗೆ.

ಡಾಕ್ಟರರು ಫೋನಿನ ದನಿಯಾಗಿ ಮಾತ್ರ ಉಳಿದರು. ನಷ್ಟವೇನಾಗಲಿಲ್ಲ.

ಸೊಸೆಯ ಗದರಿಕೆಯನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೊದಲು ಅದನ್ನು ಕೆಲಸದಾಕೆಯ ಬಾಯಿಗೆ ಹಾಕಿದ್ದೆ. ನಾಚಿಕೆಯಾಗಿ ಮರಳಿ ತಂದೆ. ಕಥೆ ಅಚ್ಚಾದ ಮೇಲೆ ಗಂಡ ಓದಿದರು. ಗದರಿಕೆಯ ಬಗ್ಗೆ ಏನೂ ಹೇಳಲಿಲ್ಲ.

"ಆ ವಾಚ್ ನನ್ನದೇ?" ಎಂದರು.

ಹೌದೆಂದೆ.