ಅಮ್ಮನ ಮೈಸೂರು ಸಿಲ್ಕ್‌ನಲ್ಲಿ ಹುಪ್ಪಾ ಹೊಲಿದೆ

ಮಗಳು ಮೆಚ್ಚಿದ್ದು ನ್ಯೂಜೆರ್ಸಿಯ ಯಹೂದಿ ಹುಡುಗನನ್ನು. ನಮ್ಮ ಧಾರೆಯನ್ನು ಹಿಂದಿನ ವಾರವೇ ದೇವಸ್ಥಾನದಲ್ಲಿ ಮುಗಿಸಿದ್ದೆವು. ಎರಡು ಶಾಸ್ತ್ರವನ್ನೂ ಕಲಸಿ ಒಂದು ಮಾಡುವುದು ನನಗೆ ಸರಿ ಕಾಣಲಿಲ್ಲ. ಎರಡೂ ಅರ್ಧಂಬರ್ಧ ಆಗುತ್ತವೆ, ಅಲ್ವಾ? ಶನಿವಾರ ಅವರಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಕತ್ತಲಾಗುವವರೆಗೆ ಮದುವೆ ನಡೆಸುವ ಹಾಗಿಲ್ಲ. ಹಾಗಾಗಿ ಭಾನುವಾರ ಗೊತ್ತು ಮಾಡಿದೆವು.

ಇಬ್ಬರಲ್ಲಿ ಒಬ್ಬರು ಯಹೂದಿ ಅಲ್ಲದಿದ್ದರೆ ಸಂಪ್ರದಾಯಸ್ಥ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಮದುವೆ ಮಾಡಿಸುವುದಿಲ್ಲ. ಉದಾರ ನಿಲುವಿನ ರಿಫಾರ್ಮ್ ಪಂಥದಲ್ಲಿ ಅದು ಆಯಾ ರಬ್ಬಿಗೆ ಬಿಟ್ಟದ್ದು. ನಮಗೆ ಸಿಕ್ಕ ರಬ್ಬಿ ಹೆಂಗಸು, ಬಲು ಸಲೀಸು ಮನುಷ್ಯರು. 'ಹುಪ್ಪಾ ಬಟ್ಟೆ ಯಾವುದು ಬೇಕಾದರೂ ಆಗಬಹುದು, ನಿಮ್ಮ ಮನೆಯದೇ ತನ್ನಿ' ಅಂದರು. ಹುಪ್ಪಾ ಅಂದರೆ ನಾಲ್ಕು ಕೋಲಿನ ಮೇಲೆ ಕಟ್ಟುವ ಚಪ್ಪರ. ಸುತ್ತ ಗೋಡೆ ಇಲ್ಲ. ಯಹೂದಿಗಳ ಮೂಲಪುರುಷ ಅಬ್ರಹಾಮನ ಡೇರೆ ನಾಲ್ಕೂ ಕಡೆ ತೆರೆದೇ ಇರುತ್ತಿತ್ತು ಅನ್ನುವುದರ ನೆನಪು ಅದು.

ಅಮ್ಮನ ಹಸಿರು ಮೈಸೂರು ಸಿಲ್ಕ್ ತೆಗೆದೆ. ಕತ್ತರಿ ಹಾಕಲು ಕೈ ಬರಲಿಲ್ಲ. ಮೈಸೂರಿಗೆ ಫೋನ್ ಮಾಡಿದರೆ ಅಮ್ಮ, 'ಬೀರುವಲ್ಲಿ ನುಸಿಗುಳಿಗೆ ವಾಸನೆ ಕುಡ್ಕೊಂಡು ಬಿದ್ದಿರೋದಕ್ಕೆ ಏನು ಮರ್ಯಾದೆ, ಕತ್ತರಿಸೇ' ಅಂದರು. ಐದೂವರೆ ಮೀಟರನ್ನು ಮಧ್ಯಕ್ಕೆ ಕತ್ತರಿಸಿ, ಎರಡು ತುಂಡನ್ನೂ ಉದ್ದಕ್ಕೆ, ಅಂಚಿಗೆ ಅಂಚು ಸೇರಿಸಿ ಹೊಲಿದೆ. ಜರಿ ಅಂಚು ನಡುವೆ ಬಂದು, ವಧೂವರರ ತಲೆ ಮೇಲೆ ಅಗಲವಾದ ಪಟ್ಟಿ ಆಯಿತು. ಮೈಸೂರು ಸಿಲ್ಕ್ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಮೊದಲು ಕಚ್ಚಾ ಹೊಲಿಗೆ ಹಾಕಿ, ತೆಳು ಹತ್ತಿ ಬಟ್ಟೆಯ ಲೈನಿಂಗ್ ಕೊಟ್ಟು ಆಮೇಲೆ ಮಷಿನ್ನಿಗೆ ಕೊಟ್ಟೆ. ಕೋಲಿಗೆ ಕಟ್ಟುವ ನಾಲ್ಕು ಮೂಲೆಗೂ ಒಳಗಡೆ ದಪ್ಪ ಬಟ್ಟೆ ಇಡಿ, ಇಲ್ಲದಿದ್ದರೆ ಎಳೆತಕ್ಕೆ ರೇಷ್ಮೆ ಹರಿಯುತ್ತದೆ.

ಹುಡುಗನ ಅಜ್ಜ ತೀರಿಕೊಂಡಿದ್ದರು. ಅವರು ಪ್ರಾರ್ಥನೆಗೆ ಹೊದೆಯುತ್ತಿದ್ದ ತಲ್ಲಿತ್ ಅನ್ನು ಅಜ್ಜಿ ತಂದುಕೊಟ್ಟರು. ಬಿಳಿ ಉಣ್ಣೆ, ಕಪ್ಪು ಗೀರು, ನಾಲ್ಕು ಮೂಲೆಗೂ ಗಂಟು ಹಾಕಿದ ದಾರಗಳು. ಅದಕ್ಕೆ ಸೂಜಿ ಮುಟ್ಟಿಸಲಿಲ್ಲ. ಸೀರೆಯ ಒಳಮೈಗೆ ಲಾಡಿ ಹೊಲಿದು, ಅದರ ಮೇಲೆ ಹಾಯಾಗಿ ಮಲಗಿಸಿದೆ. ಮದುವೆಯಾದ ಮೇಲೆ ಹಾಗೇ ಬಿಚ್ಚಿ ಅಜ್ಜಿಗೆ ವಾಪಸ್.

ಕೆತುಬಾ, ಅಂದರೆ ಮದುವೆಯ ಒಪ್ಪಂದ ಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ರೂಢಿಯಂತೆ ನೆಂಟರು ಸಾಕ್ಷಿ ಹಾಕುವ ಹಾಗಿಲ್ಲ. ನಮ್ಮವರಿಗೆ ಸ್ವಲ್ಪ ಮುಖ ಸಣ್ಣದಾಯಿತು. ಅದಕ್ಕೆ ಕೋಲು ಹಿಡಿಯುವ ಕೆಲಸ ಕೊಟ್ಟೆವು: ಆ ಕಡೆ ಇಬ್ಬರು, ಈ ಕಡೆ ಸೋದರಮಾವ ಮತ್ತು ಅಣ್ಣನ ಮಗ. ಸರಿಸುಮಾರು ಒಂದೇ ಎತ್ತರದವರನ್ನು ಆರಿಸಿ, ಚಪ್ಪರ ವಾಲುವುದಿಲ್ಲ. ಏಳು ಆಶೀರ್ವಚನಗಳನ್ನು ರಬ್ಬಿ ಹೀಬ್ರೂವಿನಲ್ಲಿ ಹೇಳಿದರು. ಒಂದೊಂದರ ಅರ್ಥವನ್ನು ಒಬ್ಬೊಬ್ಬ ನೆಂಟರು ಓದಿದರು. ನನ್ನ ನಾದಿನಿ ಕನ್ನಡದಲ್ಲೇ ಓದಿದಳು.

ಉಂಗುರಕ್ಕೆ ಹರಳು ಬೇಡ ಅಂತ ಮೊದಲೇ ಹೇಳಿದ್ದರು. ಸಾದಾ ಉಂಗುರ, ಬಲಗೈ ತೋರುಬೆರಳಿಗೆ. ಕೊನೆಗೆ ಬಟ್ಟೆಯಲ್ಲಿ ಸುತ್ತಿದ ಗ್ಲಾಸು ಕಾಲಡಿ ಚೂರಾಯಿತು. ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ಜೆರುಸಲೇಮಿನ ದೇವಾಲಯದ ನೆನಪಂತೆ. 'ಮಜಲ್ ತೋವ್', ಅಂದರೆ ಶುಭವಾಗಲಿ ಅನ್ನುವ ಕೂಗಿಗೆ ಸೋದರಮಾವ ಬೆಚ್ಚಿಬಿದ್ದರು.

ಆಮೇಲೆ ವಧೂವರರು ಒಂದಿಷ್ಟು ಹೊತ್ತು ಇಬ್ಬರೇ ಒಂದು ಕೋಣೆಯಲ್ಲಿ ಇರುವ ಶಾಸ್ತ್ರ ಇದೆ, ಯಿಹುದ್ ಅಂತ. ಇಬ್ಬರೂ ಬೆಳಿಗ್ಗೆಯಿಂದ ಉಪವಾಸ. ಒಳಗೆ ಹೋಳಿಗೆ, ತುಪ್ಪ ಮೊದಲೇ ಇಟ್ಟಿದ್ದೆ. ತುಪ್ಪ ಸೀರೆಗೆ ತಾಗದಂತೆ ದೊಡ್ಡ ನ್ಯಾಪ್ಕಿನ್ ಕೂಡ ಇಟ್ಟಿರಿ.