ಬಿಯರ್ ಜೊತೆಗೆ ಮನೆಯ ಪ್ರೆಟ್ಜೆಲ್: ಸೋಡಾ ನೀರು ಮಾತ್ರ ತಪ್ಪಿಸಬೇಡಿರಿ

ಗಂಟು ಹಾಕಿ ಬೇಯಿಸುವ ಜರ್ಮನಿಯ ಬ್ರೆಡ್ಡು ಪ್ರೆಟ್ಜೆಲ್ ಅಂದರೆ ಎಲ್ಲರಿಗೂ ಆ ಗಂಟಿನದೇ ಭಯ. ಕೋಡಬಳೆ ಹೊಸೆದು ರೂಢಿಯಿದ್ದ ಕೈಗೆ ಗಂಟು ಎರಡನೇ ಸಲಕ್ಕೇ ಒಲಿಯುತ್ತದೆ. ಜತನ ಮಾಡಬೇಕಾದದ್ದು ಸೋಡಾ ನೀರನ್ನು, ಅಂದರೆ ಓವನ್ನಿಗೆ ಹಾಕುವ ಮುಂಚೆ ಪ್ರೆಟ್ಜೆಲ್ ಮುಳುಗಿಸುವ, ತಿನ್ನುವ ಸೋಡಾ (ಬೇಕಿಂಗ್ ಸೋಡಾ) ಹಾಕಿದ ಬಿಸಿನೀರನ್ನು. ಅದೊಂದನ್ನು ಬಿಟ್ಟರೆ ಓವನ್ನಿನಿಂದ ಹೊರಬರುವುದು ಗಂಟು ಹಾಕಿದ ಪಾವ್, ಅಷ್ಟೆ.

ಎಂಟು ಪ್ರೆಟ್ಜೆಲ್‌ಗೆ ಅರ್ಧ ಕಿಲೋ ಮೈದಾ, 10 ಗ್ರಾಂ ಉಪ್ಪು, 30 ಗ್ರಾಂ ಬೆಣ್ಣೆ, ಒಂದು ಚಮಚ ಮಹಾಲಿಂಗಪುರದ ಬೆಲ್ಲದ ಪುಡಿ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 270 ಮಿ.ಲೀ. ನೀರು. ಕಾಳಿನಂಥ ಒಣ ಯೀಸ್ಟ್ ಸಿಕ್ಕಿದ್ದರೆ ಅದನ್ನು ಬೆಲ್ಲದ ಜೊತೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿರಿ. ನೊರೆ ಏಳದಿದ್ದರೆ ಯೀಸ್ಟ್ ಸತ್ತಿದೆ, ಮುಂದಕ್ಕೆ ಹೋಗಬೇಡಿರಿ. ಮೈದಾದ ಐದರಲ್ಲೊಂದು ಪಾಲು ಚಪಾತಿ ಹಿಟ್ಟು ಹಾಕಿದರೂ ನಡೆಯುತ್ತದೆ. ಜೋಳದ ಹಿಟ್ಟು ಬೆರೆಸುವ ಆಸೆ ಮಾತ್ರ ಬೇಡ. ಜೋಳದಲ್ಲಿ ಗೋಧಿಯ ಜಿಗುಟಿಲ್ಲ, ಅದಕ್ಕೇ ರೊಟ್ಟಿಯನ್ನು ಬಡಿಯುತ್ತೇವೆ; ಎರಡಡಿ ಉದ್ದ ಹೊಸೆದರೆ ಅದು ತುಂಡಾಗುತ್ತದೆ. ಜವೆಗೋಧಿಯೂ ಹುಗ್ಗಿಗೆ ಚಂದ, ಇಲ್ಲಿಗಲ್ಲ.

ಹಿಟ್ಟು ಹೋಳಿಗೆ ಕಣಕದಂತೆ ಮೆತ್ತಗಿರಬಾರದು, ಪೂರಿ ಹಿಟ್ಟಿನಂತೆ ಬಿಗಿ ಇರಬೇಕು. ಮೆತ್ತಗಿದ್ದರೆ ಸೋಡಾ ನೀರಿನಲ್ಲಿ ಆಕಾರ ಕೆಡುತ್ತದೆ. ಪರಾತದಲ್ಲಿ ಹತ್ತು ನಿಮಿಷ ಪೂರ್ತಿ ನಾದಿರಿ; ಚೂರು ಹಿಟ್ಟನ್ನು ಬೆರಳಲ್ಲಿ ಎಳೆದರೆ ಹರಿಯದೆ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಮಡಕೆಯ ತಣ್ಣೀರು ಬಳಸಿರಿ, 40 ನಿಮಿಷಕ್ಕೇ ಹಿಟ್ಟು ದುಪ್ಪಟ್ಟಾಗುತ್ತದೆ. ಬೆಳಗಾವಿಯ ಮಳೆಗಾಲದ ಥಂಡಿಯಲ್ಲಿ ಯೀಸ್ಟ್ 7 ಗ್ರಾಂ ಮಾಡಿ, ಒಂದೂವರೆ ತಾಸು ಬಿಡಿರಿ. ಗಡಿಯಾರಕ್ಕಿಂತ ಹಿಟ್ಟನ್ನು ನೋಡಿರಿ. ಹೆಚ್ಚು ಉಬ್ಬಿದ್ದು ಹುಳಿ ವಾಸನೆ ಬಂದು, ಬೆಂದ ಮೇಲೆ ಸುಕ್ಕಾಗುತ್ತದೆ.

ತಲಾ 100 ಗ್ರಾಮಿನ ಎಂಟು ಉಂಡೆ ಮಾಡಿ, ಹತ್ತು ನಿಮಿಷ ಮುಚ್ಚಿಡಿರಿ. ಈ ಬಿಡುವು ಕೊಡದಿದ್ದರೆ ಹೊಸೆದದ್ದು ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ. ಮಣೆಯ ಮೇಲೆ ಹಿಟ್ಟು ಉದುರಿಸಬೇಡಿರಿ, ಜಾರಿ ಉರುಳುವುದೇ ಇಲ್ಲ. ಬೇಕಾದರೆ ಅಂಗೈಗೆ ನೀರಿನ ಪಸೆ ಮಾಡಿಕೊಳ್ಳಿರಿ. 60 ಸೆಂ.ಮೀ. ಉದ್ದ, ನಡುವೆ ದಪ್ಪ, ಎರಡೂ ತುದಿ ತೆಳ್ಳಗೆ. ಕುದುರೆ ಲಾಳದಂತೆ ಬಗ್ಗಿಸಿ, ತುದಿಗಳನ್ನು ಒಂದರ ಮೇಲೊಂದು ಎರಡು ಸಲ ಹೊರಳಿಸಿ, ಕೆಳಗಿನ ದಪ್ಪ ಹೊಟ್ಟೆಯ ಎರಡೂ ಮಗ್ಗುಲಿಗೆ ಒತ್ತಿರಿ. ಒತ್ತುವ ಜಾಗಕ್ಕೆ ನೀರು ಹಚ್ಚಿದರೆ ಬಿಚ್ಚಿಕೊಳ್ಳುವುದಿಲ್ಲ.

ಈಗ ಎಲ್ಲವನ್ನೂ ಮುಚ್ಚದೆ ಫ್ರಿಜ್ಜಿನಲ್ಲಿ ಒಂದು ತಾಸು ಇಡಿರಿ. ಅವಸರದಲ್ಲಿ ಬಹಳ ಮಂದಿ ಬಿಡುವುದು ಇದನ್ನೇ. ತಣ್ಣಗಾದ ಹಿಟ್ಟಿನ ಮೈಮೇಲೆ ಒಣ ಪದರು ಕಟ್ಟುತ್ತದೆ. ಬೆರಳು ಮುಟ್ಟಿದರೆ ಅಂಟುವುದಿಲ್ಲ, ಎತ್ತಿದರೆ ಜೋತು ಬೀಳುವುದಿಲ್ಲ. ಅಂದೇ ಬೇಯಿಸಲಾಗದಿದ್ದರೆ ಹೀಗೇ ರಾತ್ರಿಯಿಡೀ ಇಡಬಹುದು, ಆಗ ಮಾತ್ರ ತಾಸಿನ ನಂತರ ಮುಚ್ಚಿರಿ. ಆದರೆ ಸೋಡಾ ನೀರಿಗೆ ಇಳಿಸಿದ ಮೇಲೆ ತಡ ಮಾಡಬಾರದು, ಮೈಯೆಲ್ಲ ಲೋಳೆಯಾಗುತ್ತದೆ. ಓವನ್ ಕಾದ ಮೇಲೇ ಮುಳುಗಿಸಿರಿ.

ಜರ್ಮನಿಯ ಬೇಕರಿಗಳಲ್ಲಿ ಇದಕ್ಕೆ ಶೇಕಡಾ 3–4ರ ಕಾಸ್ಟಿಕ್ ಸೋಡಾ ನೀರು ಬಳಸುತ್ತಾರೆ. ಚರ್ಮ, ಕಣ್ಣು ಸುಡುವ ಪದಾರ್ಥ, ಮಕ್ಕಳು ಓಡಾಡುವ ಅಡುಗೆಮನೆಗೆ ಬೇಡ. ನಮಗೆ ತಿನ್ನುವ ಸೋಡಾ ಸಾಕು. ಅಗಲವಾದ ಸ್ಟೀಲ್ ಡಬರಿಯಲ್ಲಿ 2 ಲೀಟರ್ ನೀರು ಕುದಿಸಿ, 120 ಗ್ರಾಂ ಸೋಡಾವನ್ನು ಚಮಚ ಚಮಚವಾಗಿ ಹಾಕಿರಿ. ಒಮ್ಮೆಲೇ ಸುರಿದರೆ ನೊರೆಯುಕ್ಕಿ ಗ್ಯಾಸ್ ಆರುತ್ತದೆ. ಅಲ್ಯುಮಿನಿಯಂ, ಹಿಂಡಾಲಿಯಂ ಪಾತ್ರೆ ಖಂಡಿತ ಬೇಡ, ಸೋಡಾ ಲೋಹವನ್ನೇ ತಿಂದು ಪಾತ್ರೆ ಕಪ್ಪಾಗುತ್ತದೆ. ಉರಿ ಸಣ್ಣಗೆ ಮಾಡಿ, ಒಂದೊಂದನ್ನೇ ಇಳಿಸಿ 30 ಸೆಕೆಂಡು, ಜಾಲರಿ ಸೌಟಿನಿಂದ ಎತ್ತಿ ನೀರು ಪೂರ್ತಿ ಬಸಿಯಿರಿ. ನಿಮಿಷ ದಾಟಿದರೆ ಸಾಬೂನಿನ ಕಹಿ ಬರುತ್ತದೆ.

ಬಣ್ಣ ಇನ್ನೂ ಗಾಢ ಬೇಕೆನ್ನುವವರು 125 ಗ್ರಾಂ ಸೋಡಾವನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ 120 ಡಿಗ್ರಿ ಓವನ್ನಿನಲ್ಲಿ ಒಂದು ತಾಸು ಇಡಿರಿ. ತೂಕ ಮೂರನೇ ಒಂದು ಪಾಲಿನಷ್ಟು ಇಳಿದು, ಕ್ಷಾರದ ಗುಣ ಹೆಚ್ಚಾಗುತ್ತದೆ. ಹಪ್ಪಳಕ್ಕೆ ಹಾಕುವ ಪಾಪಡಖಾರದ ಕುಲವೇ ಇದು. ಉಳಿದ 80 ಗ್ರಾಂ 2 ಲೀಟರಿಗೆ ಸರಿ. ಕೈಗೆ ಗ್ಲೌಸ್ ಇರಲಿ. ಅಂಗಡಿಯ ಬಟ್ಟೆ ಒಗೆಯುವ ಸೋಡಾ ತಿನ್ನಲಿಕ್ಕಲ್ಲ, ಹೆಸರು ಹತ್ತಿರವಿದೆ ಎಂದು ಹಾಕಬೇಡಿರಿ.

ಈ ಕ್ಷಾರ ಮಾಡುವ ಕೆಲಸವೇನೆಂದರೆ, ಹಿಟ್ಟಿನ ಪ್ರೋಟೀನು ಸಕ್ಕರೆಯೊಡನೆ ಕೂಡಿ ಕೆಂಪಗಾಗುವುದನ್ನು ಬೇಗ ಮಾಡಿಸುತ್ತದೆ. ಬೆಳಗಾವಿಯ ಸಿಹಿ ಕುಂದಾ ಮಾಡುವಾಗ ಹಾಲು ಬತ್ತುತ್ತ ಕಂದು ಬಣ್ಣಕ್ಕೆ ತಿರುಗುವುದೂ ಇದೇ ಕ್ರಿಯೆಯಿಂದ. ಅಲ್ಲಿ ತಾಸುಗಟ್ಟಲೆ ಬೇಕು, ಇಲ್ಲಿ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಓಟಿಜಿ (ಮನೆಯ ಸಣ್ಣ ಕರೆಂಟ್ ಓವನ್) ಇದರ ಮೇಲಿನ ಕೆಳಗಿನ ಎರಡೂ ರಾಡು ಹಚ್ಚಿ 220 ಡಿಗ್ರಿಗೆ 20 ನಿಮಿಷ ಕಾಯಿಸಿರಿ. ಟ್ರೇಗೆ ಬೇಕಿಂಗ್ ಪೇಪರ್ ಹಾಸಿ ಎಣ್ಣೆ ಸವರಿರಿ. ಸಾದಾ ಬಟರ್ ಪೇಪರ್ ಕಚ್ಚಿಕೊಂಡು ಬಿಡುವುದೇ ಇಲ್ಲ. ದಪ್ಪ ಹೊಟ್ಟೆಗೆ ಹೊಸ ಬ್ಲೇಡಿನಿಂದ ಅರ್ಧ ಸೆಂ.ಮೀ. ಆಳದ ಒಂದು ಗೀರು, ಮೇಲೆ ಹರಳುಪ್ಪು. ಪುಡಿ ಉಪ್ಪು ಕರಗಿ ಕಲೆ ಬೀಳುತ್ತದೆ. 13ರಿಂದ 15 ನಿಮಿಷ, ಎಂಟಕ್ಕೆ ಟ್ರೇ ತಿರುಗಿಸಿರಿ. ಕುಂದಾಕ್ಕಿಂತ ಒಂದು ಕೈ ಗಾಢವಾದಾಗ ತೆಗೆದು, ಬಿಸಿಯಿರುವಾಗಲೇ ಬೆಣ್ಣೆ ಸವರಿರಿ. ಕುಕ್ಕರಿನಲ್ಲಿ ಬೇಯಿಸಿದರೆ ಮೇಲಿನ ಶಾಖವಿಲ್ಲದೆ ಬಿಳಿಚಿಕೊಳ್ಳುತ್ತದೆ.

ಜರ್ಮನಿಯ ಬವೇರಿಯಾದಲ್ಲಿ ಇದಕ್ಕೆ ಗೋಧಿ ಬಿಯರ್, ಸಿಹಿ ಸಾಸಿವೆ ಜೋಡಿ. ಇಲ್ಲಿ ಸಾದಾ ಲಾಗರ್ ಬಿಯರ್ ಚೆನ್ನಾಗಿ ತಣ್ಣಗಿದ್ದರೆ ಸಾಕು; ಉಪ್ಪು ಬಿಯರಿನ ಕಹಿಯನ್ನು ತಗ್ಗಿಸುತ್ತದೆ. ಸ್ಟ್ರಾಂಗ್ ಬಾಟಲಿ ತರಬೇಡಿರಿ, ಅದರ ಘಾಟಿಗೆ ಹಿಟ್ಟಿನ ರುಚಿಯೇ ಸಿಗುವುದಿಲ್ಲ. ಸಾಸಿವೆಯನ್ನು ವಿನೆಗರಿನಲ್ಲಿ ರಾತ್ರಿ ನೆನೆಸಿ, ಬೆಲ್ಲ ಹಾಕಿ ರುಬ್ಬಿ, ಕಹಿ ಇಳಿಯಲು ಎರಡು ದಿನ ಬಿಡಿರಿ. ಅಷ್ಟು ಪುರಸೊತ್ತಿಲ್ಲದಿದ್ದರೆ ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಗಟ್ಟಿ ಮೊಸರು ಕಲಸಿರಿ, ಬಹಳ ಹೊಂದುತ್ತದೆ. ಕುಡಿಯದವರಿಗೆ ಮಸಾಲೆ ಮಜ್ಜಿಗೆ ಕೊಡಿರಿ.

ಉಳಿಸುವ ಪ್ರೆಟ್ಜೆಲ್‌ಗೆ ಉಪ್ಪು ಹಾಕಬೇಡಿರಿ. ಉಪ್ಪು ತೇವ ಎಳೆದು ಮರುದಿನಕ್ಕೆ ಮೇಲ್ಮೈ ಹಸಿ ಹಸಿಯಾಗುತ್ತದೆ. ಉಪ್ಪಿಲ್ಲದವನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ತಿಂಗಳಿಡಬಹುದು. ಬೇಕಾದಾಗ ನೀರು ಚಿಮುಕಿಸಿ, ಆಗ ಹರಳುಪ್ಪು ಉದುರಿಸಿ, 180 ಡಿಗ್ರಿಯಲ್ಲಿ ಏಳೆಂಟು ನಿಮಿಷ.